ಎರಡು ಅಂದವರು ಯಾರು?

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಆಗಲಿ, ಒಪ್ಪಿಕೊಂಡೆ. ಆದರೆ ಮಾಡದ ತಪ್ಪನ್ನು ನಲವತ್ತು ವರ್ಷ ಹೊತ್ತುಕೊಂಡು, ಮೇಲಿಂದ ನಗುತ್ತಲೂ ಇರು ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ನನ್ನದು ವಾಹನಗಳಿಗೆ ಸೀಟು ಹೊಲಿಯುವ ಅಂಗಡಿ. ಗುರುವಾರ ನನ್ನ ತಮ್ಮ ತನ್ನ ವ್ಯಾನು ತಂದು ನಿಲ್ಲಿಸಿ, ಮಗಳನ್ನೂ ನನ್ನ ಹತ್ತಿರ ಬಿಟ್ಟುಹೋದ. ಹಿಂದಿನ ಸೀಟು ಹರಿದು ಸ್ಪಂಜು ಹೊರಬಂದಿತ್ತು. ಶನಿವಾರ ಅವನು, ಅವನ ಮಗಳು, ಅಮ್ಮ, ನಾನು, ನಾಲ್ವರೂ ಕೆರೆ ದಂಡೆಗೆ ಹೋಗುವುದೆಂದು ಮಾತಾಗಿತ್ತು. ಚಿಕ್ಕವರಿದ್ದಾಗ ಪ್ರತಿ ಬೇಸಿಗೆಯಲ್ಲೂ ನಾವು ಡೇರೆ ಹಾಕುತ್ತಿದ್ದ ಜಾಗ ಅದು. ಅಪ್ಪ ತೀರಿಕೊಂಡ ಮೇಲೆ ಅತ್ತ ಯಾರೂ ಹೋಗಿರಲಿಲ್ಲ.

ನಾನು ಹಳೆಯ ರೆಕ್ಸಿನ್ ಕಿತ್ತು ಹಾಕುತ್ತಿದ್ದೆ. ತಮ್ಮನ ಮಗಳು, ಎಂಟು ವರ್ಷದ ವಾಚಾಳಿ, ಸೀಟು ಹೊಲಿಸಲು ಕಾದು ಕೂತಿದ್ದ ಟ್ಯಾಕ್ಸಿ ಡ್ರೈವರನ ಹತ್ತಿರ ಶುರುಮಾಡಿದಳು.

"ನಮ್ಮತ್ತೆ ಇದ್ದಾರಲ್ಲ, ಚಿಕ್ಕೋರಿದ್ದಾಗ ನಾಯಿಮರಿ ಹಿಂದೆ ಓಡಿಹೋಗಿ ಪೆಟ್ರೋಲ್ ಬಂಕಲ್ಲಿ ಕಳೆದುಹೋಗಿದ್ರಂತೆ!"

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಕೈಯಲ್ಲಿದ್ದ ಕತ್ತರಿ ನೆಲಕ್ಕೆ ಬಿತ್ತು. ನನ್ನದೇ ಅಂಗಡಿಯಲ್ಲಿ, ನನ್ನದೇ ಗಿರಾಕಿಯ ಎದುರಿಗೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಯಿತು.

"ಯಾರೇ ಹೇಳಿದ್ದು ನಿಂಗೆ?"

"ಅಪ್ಪ."

ಅಪ್ಪನಂತೆ! ನನ್ನ ತಮ್ಮ ಶಾಲಾ ಮೇಷ್ಟ್ರು. ಇದ್ದ ಮಾತಿಗೆ ಉಪ್ಪು ಖಾರ ಹಚ್ಚಿ ಹೇಳುವುದರಲ್ಲಿ ಎತ್ತಿದ ಕೈ. ಅವನ ಮದುವೆಯಲ್ಲಿ ಈ ಕಥೆ ಹೇಳಿದ, ನನ್ನ ಮದುವೆಯಲ್ಲೂ ಹೇಳಿದ. ಈಗ ಮುಂದಿನ ತಲೆಮಾರಿಗೂ ದಾಟಿಸಿದ್ದಾನೆ.

ನಡೆದದ್ದನ್ನು ನಾನು ಹೇಳುತ್ತೇನೆ ಕೇಳಿ.

ಅಪ್ಪ ದೂರದೂರಿನ ಬಸ್ಸು ಓಡಿಸುತ್ತಿದ್ದ. ರಜೆ ಸಿಕ್ಕರೆ ಮನೆಯ ಹಳೇ ವ್ಯಾನಿಗೆ ನಮ್ಮನ್ನೆಲ್ಲ ತುಂಬಿಕೊಂಡು ಮತ್ತೆ ರಸ್ತೆಗೇ ಇಳಿಯುತ್ತಿದ್ದ. ಅಮ್ಮ ಹಳೆಯ ಟಾರ್ಪಾಲು ಕೂಡಿಸಿ ಹೊಲಿದ ಡೇರೆ, ಸೀಮೆಎಣ್ಣೆ ಸ್ಟವ್ವು, ಒಂದು ಚೀಲ ಆಲೂಗಡ್ಡೆ, ಇಷ್ಟೇ ನಮ್ಮ ಸಾಮಾನು. ಕೆರೆ ದಂಡೆಯಲ್ಲಿ ಅಪ್ಪ ಕೆಂಡದಲ್ಲಿ ಆಲೂಗಡ್ಡೆ ಸುಟ್ಟು, ಊದಿ ಊದಿ ನಮ್ಮ ಅಂಗೈಗೆ ಹಾಕುತ್ತಿದ್ದ. ಡೇರೆಯೊಳಗೆ ಟಾರ್ಚು ಹಿಡಿದು ಬೆರಳಲ್ಲಿ ಮೊಲ, ಹದ್ದು, ನಮ್ಮ ಹೆಡ್ಮಾಸ್ಟರ ಮೂಗು ಎಲ್ಲ ಮಾಡಿ ತೋರಿಸುತ್ತಿದ್ದ. ಆ ಟಾರ್ಪಾಲಿನ ವಾಸನೆ ಈಗಲೂ ಅಂಗಡಿಯಲ್ಲಿ ಹೊಸ ರೆಕ್ಸಿನ್ ಸುರುಳಿ ಬಿಚ್ಚಿದಾಗ ಬರುತ್ತದೆ, ಒಂದು ಕ್ಷಣ ಕೈ ನಿಂತುಬಿಡುತ್ತದೆ. ಅಷ್ಟು ಸುಖವಾಗಿದ್ದೆವು. ಅದಕ್ಕೇ ಇನ್ನೂ ಹೊಟ್ಟೆ ಉರಿಯುವುದು.

ವ್ಯಾನಿನಲ್ಲೂ ಅಪ್ಪನದು ಬಸ್ಸಿನದೇ ಕಾನೂನು. ಸ್ಟೇರಿಂಗ್ ಹಿಡಿದವನು ಕತ್ತು ಹಿಂದಕ್ಕೆ ತಿರುಗಿಸಬಾರದು, ಕಂಡಕ್ಟರನ ಮಾತು ನಂಬಬೇಕು. ನಮ್ಮ ಕಂಡಕ್ಟರು ಅಮ್ಮ. ಎಲ್ಲಿ ನಿಲ್ಲಿಸಿದರೂ ಹೊರಡುವ ಮುಂಚೆ ಮುಂದಿನ ಸೀಟಿನಿಂದ ಅಮ್ಮ "ಒಂದು" ಎನ್ನುತ್ತಿದ್ದಳು. ಹಿಂದಿನಿಂದ ನಾನು "ಎರಡು". ತಮ್ಮ "ಮೂರು". ಆಮೇಲೆ ಅಮ್ಮ "ರೈಟ್!" ಎಂದರೆ ಮಾತ್ರ ಗಾಡಿ ಹೊರಡುತ್ತಿತ್ತು.

ಆಗ ನನಗೆ ಒಂಬತ್ತು, ತಮ್ಮನಿಗೆ ಆರು. ಕಿಟಕಿ ಪಕ್ಕದ ಜಾಗ ಅವನಿಗೆ ಕೊಟ್ಟರೆಂದು ನಾನು ಬೆಳಗಿನಿಂದ ಮುಖ ಊದಿಸಿಕೊಂಡಿದ್ದೆ. "ಎರಡು" ಎನ್ನಲೂ ಬಾಯಿ ಬಿಟ್ಟಿರಲಿಲ್ಲ, ಕಿವಿಗೆ ಬೆರಳಿಟ್ಟುಕೊಂಡಿದ್ದೆ. ಆದರೂ ಎರಡು ಸಲ ಗಾಡಿ ಹೊರಟಿತ್ತು. ಮೂರನೇ ಸಲ ಗಾಡಿ ನಿಂತದ್ದು ಪೆಟ್ರೋಲ್ ಬಂಕಿನಲ್ಲಿ. ನಾಯಿಮರಿಯೂ ಇಲ್ಲ, ಎಂಥದೂ ಇಲ್ಲ. ನೀರಿನ ಕ್ಯಾನು ಹಿಡಿದು ಹಿಂಭಾಗದ ನಲ್ಲಿಗೆ ಹೋಗಿದ್ದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಕ್ಯಾನು ತುಂಬಿ, ಎರಡು ಕೈಯಲ್ಲಿ ಎತ್ತಿಕೊಂಡು ಏದುಸಿರು ಬಿಡುತ್ತಾ ಬಂದರೆ ವ್ಯಾನು ಇಲ್ಲ!

ಒಂದೂವರೆ ಗಂಟೆ. ಬಂಕಿನವನು ಕುರ್ಚಿ ಹಾಕಿ ಕೂರಿಸಿದ. ನಾನು ಅಳುವುದನ್ನು ನೋಡಲಾರದೆ ಎಲ್ಲಿಂದಲೋ ಒಂದು ನಾಯಿಮರಿ ತಂದು ಮಡಿಲಿಗೆ ಹಾಕಿದ. ಅವರು ವಾಪಸ್ಸು ಬಂದಾಗ ಕಂಡದ್ದು ಅದೇ ನಾಯಿಮರಿ!

ಅಪ್ಪ ಇಳಿದವನೇ ಕೇಳಿದ್ದು ಒಂದೇ ಮಾತು. "ಎರಡು ಅಂದೋರು ಯಾರು?" ತಮ್ಮ ಗೊಳೋ ಎಂದು ಅತ್ತ. ತಮಾಷೆಗೆ ನನ್ನ ಅಂಕೆಯನ್ನೂ ಸೇರಿಸಿ "ಎರಡು ಮೂರು" ಎಂದು ಒಟ್ಟಿಗೆ ಕೂಗುವ ಚಟ ಅವನಿಗಿತ್ತು. ಅಪ್ಪ ಅವನ ಬೆನ್ನಿಗೆ ಒಂದು ಬಿಟ್ಟ. ಅಲ್ಲಿಗೆ ಮಾತು ಮುಗಿಯಿತು. ಶಿಕ್ಷೆ ಮಾತ್ರ ನನಗೂ ಆಯಿತು. ಆವತ್ತಿನಿಂದ ಅಮ್ಮ ಮುಂದಿನ ಸೀಟು ಬಿಟ್ಟು ಹಿಂದೆ ನನ್ನ ಪಕ್ಕ ಕೂತಳು. ದಾರಿಯುದ್ದಕ್ಕೂ ಕಳ್ಳಿಯನ್ನು ಹಿಡಿದ ಹಾಗೆ ನನ್ನ ಮಣಿಕಟ್ಟು ಹಿಡಿದುಕೊಂಡಿರುತ್ತಿದ್ದಳು. ನಾನು ದೊಡ್ಡವಳಾಗಿ ಪ್ರವಾಸ ನಿಲ್ಲುವ ತನಕ ಹಾಗೇ.

ಶುಕ್ರವಾರ ಸಂಜೆ ವ್ಯಾನು ಒಯ್ಯಲು ತಮ್ಮ ಬಂದಾಗ ಹೇಳಿಬಿಟ್ಟೆ. "ಎರಡು ಅಂದಿದ್ದು ನಾನೇ ಅಂತ ನಿನ್ನ ಮಗಳ ಮುಂದೆ ಒಪ್ಕೋ. ಇಲ್ಲಾಂದ್ರೆ ನಾನು ಬರಲ್ಲ."

"ನಾನು ಅಂದಿಲ್ಲ ಅಕ್ಕಾ. ಎಷ್ಟು ಸಲ ಹೇಳ್ಲಿ?"

"ಮತ್ತಿನ್ಯಾರು ಅಂದ್ರು, ದೆವ್ವಾನಾ?"

ಅವನು ಗಾಡಿ ಹತ್ತಿದ.

ಶನಿವಾರ ಬೆಳಿಗ್ಗೆ ಅಮ್ಮನ ಮನೆಗೆ ಹೋದೆ. ಹೊರಡಲು ಅಲ್ಲ, ಬರುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಲು. ಅಂಗಳದಲ್ಲಿ ತಮ್ಮ ಅದೇ ಹಳೆಯ ಡೇರೆಯನ್ನು ಗಾಡಿಗೆ ತುಂಬುತ್ತಿದ್ದ. ಮಗಳು ಪಕ್ಕದಲ್ಲಿದ್ದಳು. ಅಮ್ಮ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ಈ ಸುಳ್ಳುಬುರುಕನ ಜೊತೆ ನಾನು ಬರಲ್ಲ ಅಮ್ಮ. ನನ್ನನ್ನ ಬಿಟ್ಟುಹೋಗೋ ಹಾಗೆ ಮಾಡಿದ್ದಲ್ದೆ ಊರೆಲ್ಲ ನಗೋ ಹಾಗೂ ಮಾಡಿದ್ದಾನೆ. ಇವತ್ತು ಒಪ್ಕೊಳ್ಲಿ."

"ಅವನಲ್ಲ," ಎಂದಳು ಅಮ್ಮ.

"ನೀನು ಯಾವಾಗ್ಲೂ ಅವನ ಪರಾನೇ!"

"ಅವನಲ್ಲ ಕಣೇ. ನಾನು."

ನಾನು ಅಮ್ಮನ ಎದುರಿಗೆ ಬಂದು ನಿಂತೆ.

"ಬೆಳಗಿಂದ ನೀನು ಮುನಿಸ್ಕೊಂಡಿದ್ದೆ. ಮೊದಲೆರಡು ಸಲಾನೂ ನಿನ್ನ ಬದಲು ನಾನೇ, ನಿನ್ನ ಹಾಗೆ ದನಿ ಮಾಡಿ, ಎರಡು ಅಂದಿದ್ದೆ. ಇಂಜಿನ್ ಸದ್ದಲ್ಲಿ ನಿಮ್ಮಪ್ಪಂಗೆ ಗೊತ್ತಾಗ್ಲಿಲ್ಲ. ಮೂರನೇ ಸಲಾನೂ ಬಾಯಿಗೆ ಬಂದ್ಬಿಡ್ತು. ತಿರುಗಿ ನೋಡ್ಲಿಲ್ಲ. ನೀರಿಗೆ ಕಳಿಸಿದ್ದೂ ನಾನು, ಎರಡು ಅಂದಿದ್ದೂ ನಾನು, ರೈಟ್ ಅಂದಿದ್ದೂ ನಾನೇ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಿಮ್ಮಪ್ಪ ಇವನಿಗೆ ಹೊಡೆದಾಗ್ಲೂ ಬಾಯಿ ಬಿಡ್ಲಿಲ್ಲ ನಾನು. ತಾಯಿ ಆದೋಳು ಹೆಂಗೆ ಹೇಳ್ಲಿ? ಆಮೇಲೆ ಮುಂದೆ ಕೂರೋಕೇ ಧೈರ್ಯ ಬರ್ಲಿಲ್ಲ. ನಿನ್ನ ಕೈ ಹಿಡ್ಕೊಂಡಿದ್ರೇನೇ ಉಸಿರಾಡೋಕೆ ಆಗ್ತಿತ್ತು."

ನಾನು ತಮ್ಮನ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತೇನೋ?"

"ಗೊತ್ತಿತ್ತು. ಹಿಂದೆ ನಾನೊಬ್ನೇ ಇದ್ದೆನಲ್ಲ."

"ಮತ್ತೆ ಯಾಕೋ ಹೇಳ್ಲಿಲ್ಲ?"

ಅವನು ನಾಲಿಗೆ ಕಚ್ಚಿಕೊಂಡ. "ನೀನು ಹತ್ತಿಲ್ಲ ಅಂತ ಗೊತ್ತಿದ್ರೂ, ಸೀಟು ಪೂರ್ತಿ ನಂದೇ ಆಯ್ತಲ್ಲ ಅಂತ ಕಾಲು ಚಾಚ್ಕೊಂಡು ಮೂರು ಅಂದೆ. ಅದಕ್ಕೇ ಅತ್ತಿದ್ದು. ಆಮೇಲೆ ಎರಡು ಅಂದಿದ್ಯಾರು ಅಂತ ಯಾರಾದ್ರೂ ಕೇಳಿದ್ರೆ ಅಮ್ಮ ಎದ್ದು ಒಳಗೆ ಹೋಗೋಳು. ನಾಯಿಮರಿ ಕಥೆ ಹೇಳಿದ್ರೆ ಎಲ್ರೂ ನಗ್ತಿದ್ರು, ಆ ಪ್ರಶ್ನೆ ಯಾರೂ ಕೇಳ್ತಿರ್ಲಿಲ್ಲ."

ಎಂಥ ಜನ! ಒಬ್ಬಳು ಬಿಟ್ಟುಹೋದಳು, ಒಬ್ಬ ಕಾಲು ಚಾಚಿದ, ನಲವತ್ತು ವರ್ಷ ಇಬ್ಬರೂ ಸೇರಿ ನನ್ನ ಕಿವಿಗೆ ಹೂವಿಟ್ಟರು. ನಾನೋ, ಬೈಯಬೇಕಾದವರನ್ನು ಬಿಟ್ಟು ಇನ್ನೊಬ್ಬನನ್ನು ಬೈದೆ. ಬೈಗುಳವನ್ನೆಲ್ಲ ವಾಪಸ್ಸು ತೆಗೆದುಕೊಳ್ಳಲಿಕ್ಕಾದರೂ ಆಗುತ್ತದೆಯೇ?

"ಹತ್ತು ಗಾಡಿ," ಎಂದು ಅಮ್ಮನಿಗೆ ಗದರಿದೆ. "ಹಿಂದೆ ಅಲ್ಲ. ಮುಂದೆ."

"ಬೇಡ ಕಣೇ."

"ಮುಂದೆ ಅಂದೆನಲ್ಲ! ಹಿಂದಿನ ಸೀಟು ಹೊಲಿದಿರೋದು ನಾನು. ನಾನೇ ಕೂರ್ತೀನಿ, ಕಿಟಕಿ ಪಕ್ಕ."

ಅಮ್ಮ ಮುಂದೆ ಹತ್ತಿದಳು. ನಾನು ಬಾಗಿಲನ್ನು ದಢಾರನೆ ಹಾಕಿಕೊಂಡೆ. ತಮ್ಮ ಅಪ್ಪನ ಹಾಗೆಯೇ ಕತ್ತು ನೆಟ್ಟಗೆ ಮಾಡಿ ಕೂತ.

"ಒಂದು," ಎಂದಳು ಅಮ್ಮ.

ನನಗಿನ್ನೂ ಕೋಪ ಇಳಿದಿರಲಿಲ್ಲ. ಬಾಯಿ ಬಿಡಲಿಲ್ಲ. "ಅತ್ತೇ, ಎರಡು ಅನ್ನಿ!" ಎಂದು ತಮ್ಮನ ಮಗಳು ಮೊಣಕೈಯಲ್ಲಿ ತಿವಿದಳು. ಆದರೂ ಸುಮ್ಮನಿದ್ದೆ. ಅಮ್ಮ ನೋಯುವ ಕತ್ತನ್ನು ಕಷ್ಟಪಟ್ಟು ಹಿಂದಕ್ಕೆ ತಿರುಗಿಸಿದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ನನ್ನ ಬದಲು ಅವಳು ಮಾತಾಡಲಿಲ್ಲ. ಗಾಡಿ ಗುರುಗುಡುತ್ತಾ ನಿಂತೇ ಇತ್ತು. ಯಾರಿಗೂ ಅವಸರವಿರಲಿಲ್ಲ.

"ಎರಡು," ಎಂದೆ.

"ಮೂರು!" ಎಂದು ಹುಡುಗಿ ಕಿರುಚಿದಳು.

ಅಮ್ಮ ಮತ್ತೊಮ್ಮೆ ನನ್ನನ್ನು ನೋಡಿಯೇ "ರೈಟ್" ಎಂದಳು.