ಪಂಪಮ್ಮನ ಪೊರಕೆ ಕಡ್ಡಿ

ಕಲ್ಯಾಣದುರ್ಗದಿಂದ ಹಿಂದೂಪುರದವರೆಗೂ ಬಸ್ಸಿನಲ್ಲಿ ಪಂಪಮ್ಮ ಕೈಚೀಲವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಅದರೊಳಗೆ ಒಂದು ಪೊರಕೆ ಕಡ್ಡಿ ಇತ್ತು. ಬೆಳಗ್ಗೆ ಅಣ್ಣನ ಮಗಳು ದಿವ್ಯ ಇನ್ನೂ ಮಲಗಿದ್ದಾಗಲೇ ಅವಳ ಅಂಗಾಲಿಗೆ ಹಿಡಿದು, ಉದ್ದಕ್ಕೆ ಸರಿಯಾಗಿ ಮುರಿದಿಟ್ಟುಕೊಂಡದ್ದು. ಅವರ ಮನೆಗಳಲ್ಲಿ ಹೆಂಗಸರ ಚಪ್ಪಲಿ ಕೊಳ್ಳುತ್ತಿದ್ದದ್ದೇ ಹಾಗೆ. ಕಡ್ಡಿ ಗಂಡಸರ ಜೇಬಿನಲ್ಲಿ ಪೇಟೆಗೆ ಹೋಗುತ್ತಿತ್ತು, ಕಾಲು ಮನೆಯಲ್ಲೇ ಉಳಿಯುತ್ತಿತ್ತು.

ದಿವ್ಯ ಬೆಟ್ಟದ ಬಂಡೆಯಂಚಿನಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವವಳು. ಕಾಲೇಜಿನ ಎನ್‌ಸಿಸಿಯಲ್ಲಿ ವಿಮಾನದಿಂದ ಹಾರಿ ಹತ್ತಿಸಿಕೊಂಡ ಹುಚ್ಚು. ಹೋದ ವರ್ಷ ಕಲ್ಲಿನ ಮೇಲಿಳಿದು ಎಡಗಾಲಿನ ಗಿಣ್ಣು ಉಳುಕಿಸಿಕೊಂಡಿದ್ದಳು. ಈಗ ಹಿಮಾಲಯದಲ್ಲಿ ಹಾರಲು ಹೊರಟಾಗ ಅಪ್ಪ ತಿಪ್ಪೇರುದ್ರಪ್ಪ ಒಂದೇ ಮಾತು ಹೇಳಿದ: "ನಿಮ್ಮತ್ತೆ ಒಪ್ಪೋ ಷೂ ಸಿಕ್ರೆ ಹೋಗು." ಬದನೆಕಾಯಿಯನ್ನೂ ತಿರುವಿ ತಿರುವಿ ವಾಪಸ್ ಇಡುವ ತಂಗಿ ಯಾವ ಷೂವನ್ನೂ ಒಪ್ಪಲಾರಳೆಂದು ಅವನಿಗೆ ಅಷ್ಟು ನಂಬಿಕೆ. ಪಂಪಮ್ಮನಿಗೂ ಒಪ್ಪುವ ಮನಸ್ಸೇನೂ ಇರಲಿಲ್ಲ.

"ಏಮಿ ಕಾವಾಲಮ್ಮಾ?" ಎಂದು ಏನು ಬೇಕೆಂದು ತೆಲುಗಿನಲ್ಲಿ ಕೇಳಿದ ಹಿಂದೂಪುರದ ಷೂ ಅಂಗಡಿಯ ಪರಿಚಯದ ಚೆನ್ನಕೇಶವ.

ಪಂಪಮ್ಮ ಕಡ್ಡಿ ತೆಗೆದು ಮುಂದಿಟ್ಟಳು. ದಿವ್ಯ ಬಾಯಿಗೆ ಕೈ ಅಡ್ಡ ಹಿಡಿದಳು.

"ಅತ್ತೆ, ನಾನೇ ಬಂದಿದೀನಲ್ಲ, ಕಾಲೂ ಬಂದೈತೆ!"

"ಬಂದ್ರೆ? ಅಂಗಡಿಯೋನ ಮುಂದೆ ಕಾಲು ಚಾಚ್ಕಂಡು ಕೂರ್ತೀಯೇನೇ? ಸುಮ್ನಿರು."

ಚೆನ್ನಕೇಶವ ಗಿಣ್ಣು ಮುಚ್ಚುವಷ್ಟು ಎತ್ತರದ, ಹೊಳೆಯುವ ಕೊಕ್ಕೆಗಳಿದ್ದ ಬೂಟನ್ನು ಮೊದಲು ತೋರಿಸಿದ. ಪಂಪಮ್ಮನಿಗೆ ಕೊಕ್ಕೆಗಳು ಹಿಡಿಸಿಬಿಟ್ಟವು.

"ಇದು ಬ್ಯಾಡ," ಎಂದಳು ದಿವ್ಯ. "ಪ್ಯಾರಾಚೂಟ್ ಬಿಚ್ಕಳ್ಳೋವಾಗ ಅದರ ದಾರ ಈ ಕೊಕ್ಕೆಗೆ ಸಿಕ್ಕಾಕ್ಕಂಡ್ರೆ ಮುಗೀತು. ಲೇಸು ಬರೀ ತೂತಲ್ಲೇ ಹೋಗ್ಬೇಕು."

ಪಂಪಮ್ಮ ಆ ಬೂಟನ್ನು ತಾನೇ ಮೂಲೆಗೆ ತಳ್ಳಿದಳು. ಕೊಕ್ಕೆಯಿಲ್ಲದ ಇನ್ನೊಂದು ಬೂಟು ಕಡ್ಡಿಗೆ ಕರಾರುವಾಕ್ಕಾಗಿ ಹೊಂದಿತು. ದಿವ್ಯ ಹಾಕಿಕೊಂಡು ಸ್ಟೂಲ್ ಹತ್ತಿ ಧುಮುಕಿದವಳೇ "ಅಯ್ಯೋ!" ಎಂದು ಬೆರಳು ಹಿಡಿದುಕೊಂಡಳು.

"ತುದೀಗೆ ಹೊಡೀತು ಅತ್ತೆ. ಚಿಕ್ಕದು."

"ಚಿಕ್ಕದೆಂಗಾಯ್ತದೆ? ನಾನೇ ಅಳ್ದಿದೀನಿ."

"ಯಾವಾಗ?"

"ನೀನು ಮಲಗಿದ್ದಾಗ."

"ಮಲಗ್ಕಂಡು ಹಾರ್ತೀನಾ ನಾನು? ಬಾ, ಇಲ್ನೋಡು." ದಿವ್ಯ ಬೂಟು ಕಳಚಿ, ಕಡ್ಡಿಯನ್ನು ನೆಲಕ್ಕಿಟ್ಟು ಅದರ ಮೇಲೆ ನಿಂತಳು. ಭಾರ ಬಿದ್ದ ಕಾಲು ಹರಡಿ, ಬೆರಳು ಕಡ್ಡಿಯನ್ನು ದಾಟಿತು.

ಪಂಪಮ್ಮ ತನ್ನ ಕಾಲು ನೋಡಿಕೊಂಡಳು. ಹಿಮ್ಮಡಿ ಯಾವತ್ತಿನಂತೆ ಚಪ್ಪಲಿಯಿಂದಾಚೆಗೆ ಇಣುಕಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು ಮಂಚದ ಮೇಲೆ ಕೂರಿಸಿ ಕಡ್ಡಿ ಮುರಿದಿದ್ದ. ಆಮೇಲಿನ ಚಪ್ಪಲಿಗಳೆಲ್ಲ ಅದೇ ಅಳತೆಯವು. ತನ್ನ ಕಾಲೇ ಸರಿಯಿಲ್ಲವೆಂದು ನಂಬಿಕೊಂಡು ಇಷ್ಟು ಕಾಲ ಹಿಮ್ಮಡಿ ಒಡೆಸಿಕೊಂಡು ಓಡಾಡಿದ್ದಳು. ನಿಂತುಕೋ ಎಂದು ಯಾರೂ ಹೇಳಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

"ಆ ಪಟ್ಟೀನೂ ಚೀಲದಿಂದ ಈಚೆಗೆ ತೆಗೀ," ಎಂದಳು. "ಗಿಣ್ಣಿಗೆ ಕಟ್ಕಳ್ತೀಯಲ್ಲ, ಅದು."

ಎರಡು ಮಗ್ಗುಲಿಗೂ ಗಟ್ಟಿ ಪ್ಲಾಸ್ಟಿಕ್ ಇದ್ದ ಪಟ್ಟಿ. ದಿವ್ಯ ದಪ್ಪ ಕಾಲುಚೀಲದ ಮೇಲೆ ಅದನ್ನು ಬಿಗಿದುಕೊಂಡಳು. "ಈಗ ನಿಂತ್ಕ," ಎಂದಳು ಪಂಪಮ್ಮ. "ಈಗ ಅಳೆಯಪ್ಪ ಚೆನ್ನಕೇಶವ, ಪಟ್ಟಿ ಸಮೇತ."

ಮೂರು ಜೊತೆ ಬೂಟು ಬಂದವು, ಹೋದವು. ಒಂದರಲ್ಲಿ ಹಿಮ್ಮಡಿ ಜಾರಿತು, ಇನ್ನೆರಡರಲ್ಲಿ ಪಟ್ಟಿ ಒತ್ತಿತು. ಕೊನೆಗೆ ಕೆಸರು ಬಣ್ಣದ ಒಂದು ಸಿಕ್ಕಿತು. ದಿವ್ಯ ಸ್ಟೂಲಿನಿಂದ ಹಾರಿದಳು, ಅಂಗಡಿಯ ಮೆಟ್ಟಿಲಿನಿಂದ ಹಾರಿದಳು. ಪಂಪಮ್ಮ ಮೊಣಕಾಲೂರಿ ಗಿಣ್ಣನ್ನು ಎಡಕ್ಕೆ ಬಲಕ್ಕೆ ತಿರುಚಿ ನೋಡಿದಳು. ಅಲುಗಲಿಲ್ಲ. ತಪ್ಪು ಹುಡುಕಲು ಬಂದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಅತ್ತೆ, ಬೀಗರ ಮುಂದೂ ನೀನು ಹಿಂಗೆ ಬಗ್ಗಿದ್ದು ನಾನು ನೋಡಿರ್ನಿಲ್ಲ."

"ಮುಚ್ಚೇ ಬಾಯಿ. ಚೆನ್ನಕೇಶವ, ನಂಗೂ ಒಂದು ಜೊತೆ ಚಪ್ಪಲಿ ತೋರ್ಸು. ಇರು, ನಿಂತ್ಕತೀನಿ."

ಹೊರಗೆ ಬಂದು ದಿವ್ಯಳ ಮೊಬೈಲಿನಲ್ಲಿ ಅಣ್ಣನಿಗೆ ಹೇಳಿದಳು: "ಷೂ ಸಿಕ್ತು ಕಣಣ್ಣ."

ಆಚೆಯಿಂದ ತಿಪ್ಪೇರುದ್ರಪ್ಪ ಕೇಳಿದ: "ಒಂದೂ ತಪ್ಪು ಸಿಗ್ಲಿಲ್ವೇನಮ್ಮ ನಿಂಗೆ?"

ಪಂಪಮ್ಮ ಹೊಸ ಚಪ್ಪಲಿಯೊಳಗೆ ಕೂತ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನೋಡಿದಳು.

"ಸಿಕ್ತು. ಬಣ್ಣ ಚೆನ್ನಾಗಿಲ್ಲ. ಆದ್ರೆ ಬಣ್ಣಕ್ಕೆ ಕಾಲು ಉಳುಕಲ್ಲ ಕಣಣ್ಣ. ಹೋಗ್ಬರ್ಲಿ ಬುಡು."