ಕೂಗದ ಹುಂಜಗಳು

ಭಾವನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆಂಡತಿಯ ತಂಗಿಯೆಂದು ಕೆಲಸ ಕೊಟ್ಟಿದ್ದಾನೆ. ಇರುವುದು ಅವನ ಮನೆಯಲ್ಲಿ, ದುಡಿಯುವುದು ಅವನ ಪ್ರಯೋಗಾಲಯದಲ್ಲಿ. ಆದರೂ ಉರಿಯುತ್ತದೆ. ಎದುರಿಗೆ ‘ನೀವು’ ಅನ್ನುತ್ತೇನೆ, ಮನಸ್ಸಿನಲ್ಲಿ ‘ಅವನು’.

ನಮ್ಮ ಕೆಲಸ ಕೋಳಿಮರಿಗಳದ್ದು. ಎಳೆಯ ಹುಂಜಮರಿಗಳ ಒಂದು ಗುಂಪಿನ ನೀರಿಗೆ ಥೈರಾಯ್ಡ್ ಹಾರ್ಮೋನನ್ನು ತಡೆಯುವ ಕಹಿ ಮದ್ದು ಬೆರೆಸುತ್ತೇವೆ. ಮದ್ದಿಲ್ಲದ ಮರಿಗಳ ಜುಟ್ಟು ಕೆಂಪೇರುವ ಹೊತ್ತಿಗೆ ಎರಡೂ ಗುಂಪನ್ನು ಒಂದೇ ದಿನ ಕೊಯ್ದು ವೃಷಣ ತೂಗುತ್ತೇವೆ. ಮದ್ದು ಕುಡಿದವುಗಳದ್ದು ಅಕ್ಕಿಕಾಳಿನಷ್ಟಿರುತ್ತದೆ. “ಒಂದೇ ದಿನ ತೂಗಿದ್ರೆ ತಾನೇ ಹೋಲಿಕೆ?” ಎನ್ನುವುದು ಭಾವನ ಕಟ್ಟಪ್ಪಣೆ. ಆ ದಿನ ದಾಟಿ ಬದುಕಿದ ಮದ್ದಿನ ಮರಿಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಅದನ್ನು ಅಲ್ಲಿಗೇ ಬಿಟ್ಟಿದ್ದರೆ ನಾನೂ ತೆಪ್ಪಗಿರುತ್ತಿದ್ದೆ. ಅವನು ಊಟದ ಮೇಜಿಗೆ ತಂದ. ಅಕ್ಕನಿಗೆ ಚಿಕ್ಕಂದಿನಿಂದ ಥೈರಾಯ್ಡ್ ಕಡಿಮೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಅವಳು ಡಾಕ್ಟರು ಕೊಟ್ಟ ಮಾತ್ರೆ ನುಂಗುವಾಗಲೆಲ್ಲ ಇವನದು ಒಂದೇ ರಾಗ: “ಎಳೇದರಲ್ಲಿ ಕೆಟ್ಟಿದ್ದು ಆಮೇಲೆ ಸರಿಹೋಗಲ್ಲ ಕಣೇ. ನನ್ನ ಕೋಳಿಗಳ್ನ ಕೇಳು.” ಅಕ್ಕ ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದಳು. ಆ ತಗ್ಗಿದ ತಲೆಯನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅವನ ಕೋಳಿಗಳಿಂದಲೇ ಅವನ ಬಾಯಿ ಮುಚ್ಚಿಸಬೇಕೆಂದು ಹಟ ತೊಟ್ಟೆ.

ಮುಂದಿನ ಸಲ ಕೊಯ್ಯುವ ದಿನ ಬಂದಾಗ, ಮದ್ದಿನ ಮರಿಗಳಲ್ಲಿ ಕೆಲವು ಸತ್ತವೆಂದು ಲೆಕ್ಕ ಬರೆದು, ಅವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಸಾಗಿಸಿ ತಾರಸಿಯ ಹಳೇ ಸಾಮಾನಿನ ಕೋಣೆಯಲ್ಲಿ ಬಿಟ್ಟೆ. ಅಕ್ಕನಿಗೆ ಮಾತ್ರ ಹೇಳಿದೆ. ಜುಟ್ಟು ಬಿಳಿಚಿಕೊಂಡು ಮಂಕಾಗಿ ಕೂತಿರುತ್ತಿದ್ದವು, ಕೂಗುತ್ತಿರಲಿಲ್ಲ. ಕಳ್ಳಮಾಲಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೇ? ಮದ್ದು ನಿಲ್ಲಿಸಿ ಬರೀ ನೀರು ಕೊಟ್ಟೆ. ಕಾಳು ಹಾಕುತ್ತಿದ್ದವಳು ಅಕ್ಕ. ವಾರಗಳು ಕಳೆದಂತೆ, “ಇವತ್ತು ಜುಟ್ಟು ಸ್ವಲ್ಪ ಕೆಂಪಾಗಿದೆ ಕಣೇ” ಎಂದು ಪಿಸುಗುಟ್ಟುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತ ಭಾವ ಮತ್ತೆ ಅದೇ ರಾಗ ತೆಗೆದ. “ಆ ಮಾತ್ರೆ ದಂಡ. ನನ್ನ ಕೋಳಿಗಳು...” ಎನ್ನುವಷ್ಟರಲ್ಲಿ ಮೇಲಿಂದ ಹುಂಜ ಕೂಗಿತು. ತಾರಸಿ ಕಿತ್ತುಹೋಗುವಂತೆ ಕೂಗಿತು.

ಅವನು ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿದ, ನಾನೂ ಅಕ್ಕನೂ ಅವನ ಹಿಂದೆ. ಹುಂಜದ ಕಾಲಿನಲ್ಲಿ ಪ್ರಯೋಗಾಲಯದ ಮದ್ದಿನ ಗುಂಪಿನ ಗುರುತುಪಟ್ಟಿ ಕಂಡಿತು.

“ಕಳ್ಳಿ! ಅನ್ನ ಹಾಕಿದ್ದಕ್ಕೆ ಇದಾ? ಮೊದಲು ಇದರ ಕತ್ತು ಮುರೀತೀನಿ, ಆಮೇಲೆ ನಿನ್ನನ್ನ ಆಚೆ ಹಾಕ್ತೀನಿ.”

“ಮುರೀರಿ,” ಎಂದೆ. “ಆದ್ರೆ ಹೊಟ್ಟೆ ಕೊಯ್ದು ನೋಡಿ. ಅಷ್ಟೂ ಧೈರ್ಯ ಇಲ್ವಾ?”

ಕೊಯ್ದ. ಅಡುಗೆಮನೆಯ ಕಟ್ಟೆಯ ಮೇಲೆ, ತರಕಾರಿ ಹೆಚ್ಚುವ ಚಾಕುವಿನಲ್ಲಿ. ಒಳಗಿದ್ದುದನ್ನು ಕಂಡು ಅವನ ಕೈ ನಿಂತಿತು. ಇದರ ಜೊತೆ ಹುಟ್ಟಿದ, ಮದ್ದೇ ಕುಡಿಯದ ಕೆಲವು ಹುಂಜಗಳನ್ನು ಮರಿ ಮಾಡಿಸಲೆಂದು ಉಳಿಸಿಕೊಂಡಿದ್ದೆವು. ಹಿಂದಿನ ವಾರವಷ್ಟೇ ಅವುಗಳಲ್ಲೊಂದನ್ನು ಅವನೇ ಕೊಯ್ದಿದ್ದ. ಇದರ ವೃಷಣ ಅದರದ್ದಕ್ಕಿಂತ ದಪ್ಪಗಿತ್ತು. ಹಾರ್ಮೋನು ಇಲ್ಲದಾಗ ಬೆಳವಣಿಗೆ ಸತ್ತಿರಲಿಲ್ಲ. ಒಳಗಿನ ಜೀವಕೋಶಗಳು ಬಲಿಯದೆ ಹೆಚ್ಚುತ್ತಲೇ ಇದ್ದವು. ಹಾರ್ಮೋನು ಮರಳಿದ ಮೇಲೆ ಬಡ್ಡಿ ಸಮೇತ ಬೆಳೆದಿದ್ದವು.

ಭಾವ ಚಾಕು ಒರೆಸಿದ. “ಒಂದು ಹುಂಜದಿಂದ ಏನೂ ಗೊತ್ತಾಗಲ್ಲ,” ಎಂದ. ಮರುಕ್ಷಣವೇ, “ಆದ್ರೂ ಇದರ ಮೇಲೆ ಪ್ರಬಂಧ ಬರೆದ್ರೆ ನನ್ನ ಹೆಸರು ಮೊದಲಿರಲಿ,” ಎಂದ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. ಅವಳ ತಲೆ ತಗ್ಗಿರಲಿಲ್ಲ.

“ಹೆಸರು ಆಮೇಲೆ ನೋಡ್ಕೊಳ್ಳಿ. ಇಷ್ಟು ವರ್ಷ ರಕ್ತ ಕೊಟ್ಟೋಳು, ಪರೀಕ್ಷೆ ಮಾಡಿಸ್ಕೊಂಡೋಳು ನಾನೊಬ್ಬಳೇ. ನೀವು ಒಂದು ಸಲಾನಾದ್ರೂ ಡಾಕ್ಟರ ಹತ್ರ ಹೋಗಿದೀರಾ?”

ಭಾವ ಚಾಕು ಕೆಳಗಿಟ್ಟ.

“ನಾಳೆ ಬೆಳಿಗ್ಗೆ ಹೋಗೋಣ,” ಎಂದಳು ಅಕ್ಕ. “ಈ ಸಲ ಪರೀಕ್ಷೆ ನಿಮಗೆ.”

ಅವನು ತಲೆ ತಗ್ಗಿಸಿ ನಲ್ಲಿಯ ಕೆಳಗೆ ಕೈ ತೊಳೆಯತೊಡಗಿದ. ತೊಳೆದೇ ತೊಳೆದ. ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು.