ಹಸಿ ಬೇಳೆ

"ಎದಿ ಮುಚ್ಕೊಳೇ ರಂಡಿ. ಬೇಳ್ಯಾಗ ಹಾಲು ಸೋರಾಕತ್ತಾದ."

ಮುನೀಮ ರೇವಣಪ್ಪ ಮಾಳಮ್ಮನ ಕೈಯಲ್ಲಿದ್ದ ಕೇರುವ ಮೊರವನ್ನು ಒದ್ದ. ಹಸನು ಮಾಡುತ್ತಿದ್ದ ತೊಗರಿಬೇಳೆ ನೆಲಕ್ಕೆ ಚೆಲ್ಲಿತು. ಅವಳು ಸೆರಗು ಎಳೆದುಕೊಂಡಳು. ಕುಪ್ಪಸ ತೊಯ್ದು ಮೈಗೆ ಅಂಟಿತ್ತು.

ಎಪ್ಪತ್ತೊಂದರ ಯುದ್ಧ ಶುರುವಾಗಿ ಒಂಬತ್ತು ದಿನ. ಆಳಂದದ ಈ ದಾಲ್ ಮಿಲ್ಲಿನಿಂದ ಲಷ್ಕರಕ್ಕೆ ಬೇಳೆ ಹೋಗಬೇಕೆಂದು ಸಾಹುಕಾರ ದೌಲತರಾಯ ಮೂರು ದಿನದಿಂದ ಗೇಟಿಗೆ ಕೀಲಿ ಜಡಿಸಿದ್ದ. ಹೆಂಗಸರಿಗೆ ಊಟ, ನಿದ್ದೆ ಎಲ್ಲ ಒಳಗೇ, ಚೀಲಗಳ ಮೇಲೆ. ಮೊದಲಾದರೆ ಎಳೆಗೂಸಿನ ತಾಯಂದಿರು ಮಧ್ಯಾಹ್ನ ಹೊರಗೆ ಹೋಗಿ ಹಾಲೂಡಿಸಿ ಬರುತ್ತಿದ್ದರು. ಈಗ ಅದೂ ಬಂದ್. ಗೇಟಿನಾಚೆ ಮಾಳಮ್ಮನ ಅತ್ತೆ ಮರೆಮ್ಮ ಎರಡು ತಿಂಗಳ ಕೂಸನ್ನು ಹಿಡಿದು ನಿಂತಿದ್ದಳು. ಬೆಲ್ಲದ ನೀರಿನ ಮೇಲಿದ್ದ ಕೂಸು. ಅದರ ಅಳು ಬೆಕ್ಕಿನ ಮರಿಯದಷ್ಟಾಗಿತ್ತು.

"ಒಂದ್ ಗಳಿಗಿ ಬಿಡ್ರಿ ಯಪ್ಪಾ. ಸಾಯ್ತಾದ್ರಿ ಕೂಸು," ಅಂದಳು ಮಾಳಮ್ಮ.

"ಗಡಿಯಾಗ ಜವಾನರು ರಕ್ತಾ ಕೊಡಾಕತ್ತಾರ. ನಿನಗ ಹಾಲಿಂದ ಚಿಂತಿ."

"ಯುದ್ಧ ಮುಗಿಯೋತನಾ ಎದಿಗೂ ಕೀಲಿ ಹಾಕ್ಕೋ ಬೇ," ಪಕ್ಕದ ಪೀರಬಿ ಕೇರುತ್ತಲೇ ಅಂದಳು.

ರೇವಣಪ್ಪ ಚೆಲ್ಲಿದ ಬೇಳೆಯನ್ನು ಚಪ್ಪಲಿಯಿಂದ ಗೋಡೆಗೆ ಸರಿಸಿದ. "ಒಣಾ ಕಾಳಿಗಿ ಮೈಲಿಗಿಲ್ಲ ಅಂತ ನಿಮ್ಮ ಕೇರಿಯವ್ರನ್ನ ಒಳಗ ಬಿಟ್ಟೇವಿ. ಹಸಿ ಆತಂದ್ರ ಮುಟ್ಟೋರು ಯಾರು?"

ಮಾಳಮ್ಮ ಅವನನ್ನೇ ನೋಡಿದಳು. ಎದ್ದಳು. ನಡುಮನೆಯಷ್ಟಗಲ ಹಸನಾದ ಬೇಳೆಯ ರಾಶಿ. ಅದನ್ನು ಹತ್ತಿ ಮೊಣಕಾಲೂರಿ, ಕುಪ್ಪಸದ ಗಂಟು ಬಿಚ್ಚಿ, ಎರಡೂ ಕೈಯಿಂದ ಎದೆ ಹಿಂಡತೊಡಗಿದಳು.

"ಇಳಿಯೇ ಬೋಸುಡಿ." ಓಡಿಬಂದ ರೇವಣಪ್ಪ ರಾಶಿಯ ಅಂಚಿನಲ್ಲೇ ನಿಂತುಬಿಟ್ಟ. ಕಾಲಿಡಲಿಲ್ಲ.

ಗದ್ದಲ ಕೇಳಿ ದೌಲತರಾಯ ಬಂದ. "ಏನ್ ನೋಡ್ತೀಯಲೇ? ಕಲಸಿ ಚೀಲಕ್ಕ ಹಾಕು. ಜವಾನರಿಗೇನು ಗೊತ್ತಾಗ್ತಾದ?"

"ನಾ ಹ್ಯಾಂಗ ಮುಟ್ಟಲ್ರಿ, ಧಣ್ಯಾರ?"

"ಹಂಗಾರ ಈಕಿನ್ನ ಹೊರಗ ದಬ್ಬು."

"ಅಕಿನೂ ಹಸೀನೇ ಅದಾಳಲ್ರಿ," ಅಂದಳು ಪೀರಬಿ.

"ನಾ ಹೋಗಂಗಿಲ್ರಿ," ಮಾಳಮ್ಮನ ಕೈ ನಿಲ್ಲಲಿಲ್ಲ. "ಕೂಸಿನ್ನ ಒಳಗ ಬಿಡ್ರಿ. ಇಲ್ಲಾಂದ್ರ ಪೂರಾ ರಾಶಿ ತೊಯ್ಸ್ತೇನಿ."

ಸಂಜೆಗೆ ಲಷ್ಕರದ ಲಾರಿ ಬರುವುದಿತ್ತು. ದೌಲತರಾಯ ರೇವಣಪ್ಪನತ್ತ ಗೇಟಿನ ಕೀಲಿಕೈ ಎಸೆದ.

ಮರೆಮ್ಮ ಕೂಸನ್ನು ತಂದು ಸೊಸೆಯ ಮಡಿಲಿಗೆ ಹಾಕಿದಳು. ಅದು ಬಾಯಿ ಹಚ್ಚಿತು. ಜಗ್ಗಿತು. ಏನೂ ಬರಲಿಲ್ಲ. ಮಾಳಮ್ಮ ಇನ್ನೊಂದು ಮೊಲೆಗೆ ಹಚ್ಚಿದಳು. ಅದರಲ್ಲೂ ಹನಿಯಿಲ್ಲ. ಎಲ್ಲ ಬೇಳೆಗೆ ಹೋಗಿತ್ತು. ಕೂಸು ಎರಡು ಸಲ ತುಟಿ ಆಡಿಸಿ ಸುಮ್ಮನಾಯಿತು.

"ಆತಿಲ್ಲ? ಇಳಿ ಇನ್ನ," ಅಂದ ರೇವಣಪ್ಪ.

ಮಾಳಮ್ಮ ಇಳಿಯಲಿಲ್ಲ. ಪೀರಬಿ ತನ್ನ ಮೊರ ಬೋರಲು ಹಾಕಿ, ರಾಶಿ ಹತ್ತಿ, ಅವಳ ಪಕ್ಕ ಕುಳಿತಳು. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು.

ಲಾರಿ ಬಂದು ಹಾರ್ನ್ ಹಾಕಿದಾಗಲೂ ಹದಿನಾರು ಮಂದಿ ಅಲ್ಲೇ ಕುಳಿತಿದ್ದರು. ಮರೆಮ್ಮ ಕೂಸಿನ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದಳು.